ಮಾಡ್ಯೂಲ್ ಬದಲಿಸುವ ಮೊದಲು ಎರಡು ತಂತಿ ಅಳೆಯಿರಿ

ಯುಎಇಯ ಮದೀನತ್ ಜಾಯೆದ್‌ನ ಸನಾಯ್ಯದಲ್ಲಿ (ಕೈಗಾರಿಕಾ ಪ್ರದೇಶದಲ್ಲಿ) ಗ್ಯಾರೇಜ್ ಕೆಲಸ ಮಾಡುವ ನಮ್ಮವರಿಗಾಗಿ ಈ ಬರಹ. ಲಿವಾ, ಹಬ್ಶಾನ್ ಕಡೆ ಓಡುವ ಟ್ರೈಲರ್‌ನ ಡ್ಯಾಶ್‌ಬೋರ್ಡಿನಲ್ಲಿ ನಾಲ್ಕೈದು ದೀಪ ಒಟ್ಟಿಗೇ ಹೊತ್ತಿಕೊಂಡರೆ ಅಷ್ಟೂ ಮಾಡ್ಯೂಲ್ ಕೆಟ್ಟಿರುವುದು ಅಪರೂಪ. ಮೊದಲು ಅವುಗಳನ್ನು ಜೋಡಿಸುವ ತಂತಿಯನ್ನು ಅನುಮಾನಿಸಿ.

ಎಂಜಿನ್, ಗೇರ್‌ಬಾಕ್ಸ್, ಎಬಿಎಸ್ ಮಾಡ್ಯೂಲ್‌ಗಳು ಒಂದು ಜೋಡಿ ಹೆಣೆದ ತಂತಿಯ ಮೇಲೆ ಮಾತಾಡಿಕೊಳ್ಳುತ್ತವೆ. ಹಳೆಯ ಜೆ1708 ವ್ಯವಸ್ಥೆಯ ವೇಗ ಸೆಕೆಂಡಿಗೆ 9,600 ಬಿಟ್. ಈಗಿನ ಜೆ1939, ಬಾಷ್ ಕಂಪನಿ 1986ರಲ್ಲಿ ಹೊರತಂದ ಕ್ಯಾನ್ ತಂತ್ರದ ಮೇಲೆ ನಿಂತಿದೆ. ಸ್ಕ್ಯಾನರ್ ಜೋಡಿಸುವ ಒಂಬತ್ತು ಪಿನ್ನಿನ ಸಾಕೆಟ್ ಕಪ್ಪಾಗಿದ್ದರೆ ವೇಗ 2.5 ಲಕ್ಷ ಬಿಟ್, ಹಸಿರಾದರೆ 5 ಲಕ್ಷ. ಹಳೆಯ ಕಪ್ಪು ಪ್ಲಗ್ ಹಸಿರು ಸಾಕೆಟ್ಟಿಗೆ ಕೂರುವುದಿಲ್ಲ. ಬೇಕೆಂದೇ ಹಾಗೆ ಮಾಡಿದ್ದಾರೆ, ಒತ್ತಿ ತುರುಕಬೇಡಿ.

ಬ್ಯಾಟರಿ ಕಳಚಿ, ಕೆಲವು ನಿಮಿಷ ಬಿಟ್ಟು, ಒಂಬತ್ತು ಪಿನ್ನಿನ ಸಾಕೆಟ್ಟಿನಲ್ಲಿ ಸಿ ಮತ್ತು ಡಿ ನಡುವೆ ಓಮ್ ಅಳೆಯಿರಿ. ಹದಿನಾರು ಪಿನ್ನಿನ ಗಾಡಿಯಾದರೆ ಅದರ ವೈರಿಂಗ್ ನಕ್ಷೆ ನೋಡಿಯೇ ಪಿನ್ ಆರಿಸಿ. ತಂತಿಯ ಎರಡೂ ತುದಿಯಲ್ಲಿ 120 ಓಮ್ ರೆಸಿಸ್ಟರ್ ಇರುವುದರಿಂದ ಸುಮಾರು 60 ಬರಬೇಕು. 120 ಬಂದರೆ ಒಂದು ರೆಸಿಸ್ಟರ್ ಹೋಗಿದೆ, ಇಲ್ಲವೇ ನಡುವೆ ತಂತಿ ತುಂಡಾಗಿದೆ. ಸೊನ್ನೆಯ ಹತ್ತಿರ ಬಂದರೆ ಎರಡು ತಂತಿ ಒಂದಕ್ಕೊಂದು ತಾಗಿವೆ. 40 ಕಂಡರೆ ಯಾರೋ ಮೂರನೇ ರೆಸಿಸ್ಟರ್ ಸೇರಿಸಿದ್ದಾರೆ.

ಬ್ಯಾಟರಿ ಜೋಡಿಸಿ, ಕೀ ಆನ್ ಮಾಡಿ, ಎ ಪಿನ್ನನ್ನು ಗ್ರೌಂಡ್ ಆಗಿಟ್ಟು ವೋಲ್ಟ್ ನೋಡಿ. ಸಿ ಪಿನ್ 2.5ಕ್ಕಿಂತ ತುಸು ಮೇಲೆ, ಡಿ ತುಸು ಕೆಳಗೆ ಇರಬೇಕು. ಎರಡನ್ನೂ ಕೂಡಿಸಿದರೆ ಹೆಚ್ಚುಕಡಿಮೆ 5. 24 ವೋಲ್ಟ್ ಕಂಡಿತೋ, ಬ್ಯಾಟರಿ ತಂತಿ ಎಲ್ಲೋ ತಾಗಿದೆ.

ತಪ್ಪು ಎಲ್ಲಿದೆ ಎಂದು ಹುಡುಕುವುದೇ ತಾಳ್ಮೆಯ ಕೆಲಸ. ಮತ್ತೆ ಬ್ಯಾಟರಿ ಕಳಚಿ, ಮೀಟರ್ ಮೇಲೆ ಕಣ್ಣಿಟ್ಟು ಮಾಡ್ಯೂಲ್‌ಗಳ ಪ್ಲಗ್ ಒಂದೊಂದಾಗಿ ತೆಗೆಯಿರಿ. ತಂತಿ ಚಾಸಿಗೆ ಉಜ್ಜುವ ಕಡೆ, ಮರಳು ಹೊಕ್ಕ ಪ್ಲಗ್ ಮೊದಲು ನೋಡಿ. ಬಿಸಿಗೆ ಮಾತ್ರ ಬರುವ ತಪ್ಪು ತಣ್ಣಗಿದ್ದಾಗ ಸಿಗದು. ಎಂಜಿನ್ ಕಾಯಿಸಿ ಅಳೆಯಿರಿ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ನೇರ ಬಿಸಿಲಿನಲ್ಲಿ ಕೆಲಸಕ್ಕೆ ನಿಷೇಧವಿದೆ. ಗಾಡಿಯನ್ನು ನೆರಳಿಗೆ ತನ್ನಿ.

ಕೋಡ್ ಓದುವಾಗ ಎಸ್‌ಪಿಎನ್ (ಯಾವುದರಲ್ಲಿ ತೊಂದರೆ) ಜೊತೆಗೆ ಎಫ್‌ಎಂಐ (ಯಾವ ಬಗೆಯ ತೊಂದರೆ) ಕೂಡ ಓದಿ. ಎಸ್‌ಪಿಎನ್ 100 ಎಂದರೆ ಆಯಿಲ್ ಪ್ರೆಶರ್. ಜೊತೆಗೆ ಎಫ್‌ಎಂಐ 1 ಇದ್ದರೆ ಪ್ರೆಶರ್ ಅಪಾಯದ ಮಟ್ಟಕ್ಕೆ ಇಳಿದಿದೆ ಎಂದರ್ಥ, ತಕ್ಷಣ ಎಂಜಿನ್ ನಿಲ್ಲಿಸಿ. 3 ಅಥವಾ 4 ಇದ್ದರೆ ಸೆನ್ಸರ್ ಇಲ್ಲವೇ ವೈರಿಂಗ್ ಪರೀಕ್ಷಿಸಿ. ಎಸ್‌ಪಿಎನ್ 639 ಬಂದರೆ ಜೆ1939 ಜಾಲದಲ್ಲೇ ತೊಂದರೆ.

ರಿಪೇರಿಯಲ್ಲಿ ತಂತಿಯ ಹೆಣಿಗೆ ಜೋಡಣೆಯ ತನಕ ಉಳಿಯಬೇಕು. ಹೊರಗಿನ ವಿದ್ಯುತ್ ಗದ್ದಲವನ್ನು ತಡೆಯುವುದೇ ಆ ಹೆಣಿಗೆ. ಜಿಪಿಎಸ್ ಕೂರಿಸಲು ತಂತಿ ಸುಲಿದು ಸುತ್ತುವ ಅಭ್ಯಾಸ ದಯವಿಟ್ಟು ಬಿಡಿ.

ಮಾಲೀಕರಿಗೊಂದು ಮಾತು: ಹೊಸ ಎಂಜಿನ್ ಮಾಡ್ಯೂಲ್‌ಗೆ (ಇಸಿಎಂ) ಹಣ ಕೊಡುವ ಮೊದಲು ಓಮ್ ಎಷ್ಟು ಬಂತು, ವೋಲ್ಟ್ ಎಷ್ಟು ಬಂತು ಎಂದು ಜಾಬ್ ಕಾರ್ಡಿನಲ್ಲಿ ಬರೆಸಿಕೊಳ್ಳಿ.