ಊರಿನ ಮಣ್ಣಿನ ಮನೆಯನ್ನು ಕೆಡವುವ ಮುನ್ನ

ಪರಸ್ಥಳದಲ್ಲಿ ದುಡಿಯುವ ನಮ್ಮವರಲ್ಲಿ ಒಂದು ಆಸೆ ಸಾಮಾನ್ಯ. ನಾಲ್ಕು ಕಾಸು ಕೂಡಿದೊಡನೆ ಊರಿನ ಹಳೆಯ ಮಾಳಿಗೆ ಮನೆಯನ್ನು ಕೆಡವಿ ಸಿಮೆಂಟಿನ ಮನೆ ಕಟ್ಟಿಸಬೇಕೆಂಬುದು. ನಾವೂ ಹಾಗೆಯೇ ಮಾಡಿದೆವು. ಮನೆ ನೋಡಲು ಚೆಂದವಾಯಿತು. ಆದರೆ ಮೊದಲ ಬೇಸಗೆಯಲ್ಲಿಯೇ ತಾಯಿಯವರು ಹಾಸಿಗೆಯನ್ನು ಅಂಗಳಕ್ಕೆ ತಂದುಕೊಂಡರು. "ಒಳಗ ಒಲಿ ಮುಂದ ಕುಂತಂಗ ಆಗ್ತದೋ ತಮ್ಮಾ" ಎಂದರು. ಆಮೇಲೆ ನಾವು ಓದಿ ತಿಳಿದುದನ್ನು, ಮನೆ ಕಟ್ಟಿಸಲಿರುವ ವಾಚಕರ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತೇವೆ.

ಹಳೆಯ ಮನೆ ತಂಪಾಗಿದ್ದುದೇಕೆ? ಅದರ ಗೋಡೆ ದಪ್ಪ. ಹಗಲಿನ ಬಿಸಿಲು ಅದನ್ನು ದಾಟಿ ಒಳಬರಲು ಬಹಳ ಹೊತ್ತು ಬೇಕು. ಅಷ್ಟರಲ್ಲಿ ಹೊರಗೆ ರಾತ್ರಿಯ ತಂಪು ಬಂದಿರುತ್ತದೆ. ತೊಲೆ, ಜಂತಿಗಳ ಮೇಲೆ ದಪ್ಪನಾಗಿ ಹಾಕಿದ ಮಣ್ಣಿನದೂ ಇದೇ ಗುಣ. ಕಾಂಕ್ರೀಟಿನ ತೆಳು ಛಾವಣಿಯಾದರೋ ಹಗಲೆಲ್ಲ ಕಾಯ್ದು, ಮಲಗುವ ಹೊತ್ತಿಗೆ ಆ ಕಾವನ್ನು ಒಳಗೆ ಬಿಡುತ್ತದೆ.

ಮಾಳಿಗೆಯ ಮೇಲೆ ಹಿರಿಯರು ಸವಳು ಮಣ್ಣು ಹಾಕುತ್ತಿದ್ದರು. ಇದರಲ್ಲಿ ಸೋಡಿಯಂ ಅಂಶ ಹೆಚ್ಚು. ನೀರು ತಗುಲಿದಾಗ ಇದರ ಸಣ್ಣ ಕಣಗಳು ಬಿಡಿಬಿಡಿಯಾಗಿ ಹರಡಿ ಸಂದುಗಳನ್ನು ಮುಚ್ಚುತ್ತವೆ. ನೀರು ಸುಲಭವಾಗಿ ಕೆಳಗಿಳಿಯದು. ಬೆಳೆಗೆ ಬಾರದ ಮಣ್ಣು ಹೀಗೆ ಮನೆಗೆ ಒದಗಿತು.

ಆದರೆ ದೋಷವನ್ನೂ ಹೇಳಬೇಕು. ಮಾಳಿಗೆಗೆ ಮಳೆಗಾಲದ ಮುಂಚೆ ಆರೈಕೆ ಬೇಕು. ನಿಂತ ನೀರಿನಲ್ಲಿ ಹಸಿ ಮಣ್ಣಿನ ಗೋಡೆ ಕರಗುತ್ತದೆ. 2009ರ ನೆರೆಯಲ್ಲಿ ಉತ್ತರ ಕರ್ನಾಟಕದ ಎಷ್ಟೋ ಮಣ್ಣಿನ ಮನೆಗಳು ಬಿದ್ದುಹೋದವು.

ಈ ದೋಷವನ್ನು ತಗ್ಗಿಸುವ ಉಪಾಯವೂ ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ. ಕೆ. ಎನ್. ರೆಡ್ಡಿಯವರು 1974ರಲ್ಲಿ 'ಅಸ್ತ್ರ' ಎಂಬ ಗ್ರಾಮೋಪಯೋಗಿ ವಿಜ್ಞಾನ ಕೇಂದ್ರವನ್ನು ಆರಂಭಿಸಿದರು. ಅಲ್ಲಿ ಪ್ರೊ. ಕೆ. ಎಸ್. ಜಗದೀಶರೂ ಸಂಗಡಿಗರೂ ಒತ್ತುಮಣ್ಣಿನ ಇಟ್ಟಿಗೆಯ ವಿಷಯದಲ್ಲಿ ಬಹಳ ಕೆಲಸ ಮಾಡಿದರು. ಕ್ರಮ ಹೀಗಿದೆ:

1. ಗಾಜಿನ ಶೀಸೆಯಲ್ಲಿ ಮೂರನೆಯ ಒಂದು ಪಾಲು ಮಣ್ಣು, ಉಳಿದದ್ದು ನೀರು ಹಾಕಿ ಕುಲುಕಿ ಇಡಿರಿ. ಮರಳು ಮೊದಲು ತಳಕ್ಕಿಳಿಯುತ್ತದೆ, ಜೇಡಿ ಕೊನೆಗೆ. ಮರಳೇ ಹೆಚ್ಚಿರಬೇಕು. ಎರೆಮಣ್ಣು ನೆನೆದರೆ ಉಬ್ಬಿ, ಒಣಗಿದರೆ ಬಿರಿಯುವುದರಿಂದ ಇದಕ್ಕೆ ಬಾರದು. ಕೆಂಪು ಮಣ್ಣು ಒಳ್ಳೆಯದು. ಜೇಡಿ ಹೆಚ್ಚಾದರೆ ಮರಳು ಬೆರೆಸಬೇಕು.

2. ಜರಡಿ ಹಿಡಿದ ಮಣ್ಣಿಗೆ ನೂರಕ್ಕೆ 6ರಿಂದ 8 ಪಾಲು ಸಿಮೆಂಟು ಕೂಡಿಸಿ, ಹದವಾಗಿ ನೀರು ಚಿಮುಕಿಸಿ, ಕೈಯಂತ್ರದಲ್ಲಿ ಒತ್ತಬೇಕು.

3. ಮೂರು ವಾರ ಹುಲ್ಲು ಇಲ್ಲವೆ ಗೋಣಿ ಮುಚ್ಚಿ ನೀರುಣಿಸಬೇಕು.

ಇದಕ್ಕೆ ಭಟ್ಟಿ ಬೇಡ, ಸೌದೆ ಬೇಡ. ಕಲ್ಲಿನ ಬುನಾದಿಯನ್ನು ನೆಲದಿಂದ ಎತ್ತರಿಸಿ, ಛಾವಣಿಯನ್ನು ಗೋಡೆಯಿಂದ ಹೊರಗೆ ಚಾಚಿದರೆ ಗೋಡೆ ಬಾಳುತ್ತದೆ. ನೆರೆ ನುಗ್ಗುವ ಸ್ಥಳದಲ್ಲಿ ಮಾತ್ರ ತಿಳಿದ ಇಂಜಿನಿಯರರನ್ನು ಕೇಳದೆ ಮುಂದುವರಿಯಬೇಡಿರಿ.

ಹಳೆಯದೆಲ್ಲ ಹೊನ್ನೆಂದು ನಾವು ಹೇಳುವುದಿಲ್ಲ. ಆದರೆ ಗುದ್ದಲಿ ಎತ್ತುವ ಮುನ್ನ ಊರಿನ ಹಳೆಯ ಗೌಂಡಿಯನ್ನು ಒಂದು ಮಾತು ಕೇಳಿರಿ; ಆ ಮನೆಯಲ್ಲಿ ಬಾಳಿದ ತಾಯಿಯನ್ನೂ ಕೇಳಿರಿ. ನಾವು ಕೇಳಲಿಲ್ಲ.