ಕಾಶಿಯ ಚಳಿ, ಮುಚ್ಚಿದ ಕೋಣೆಯ ಕೆಂಡ

ಪ್ರಶ್ನೆ: ಹನುಮಾನ್ ಘಾಟಿನ ಬಳಿ ಗಲ್ಲಿಯೊಳಗಿನ ಹಳೆಯ ಮನೆಯಲ್ಲಿ ನಮ್ಮ ವಾಸ. ಧಾರವಾಡದಿಂದ ಬಂದಿರುವ ಅತ್ತೆಯವರಿಗೆ 74 ವರ್ಷ. ಇಲ್ಲಿಯ ಪುಷ್ಯಮಾಸದ ಚಳಿ ಅವರಿಗೆ ಹೊಸದು. ರಾತ್ರಿ ಅವರ ಕೋಣೆಯಲ್ಲಿ ಇದ್ದಿಲಿನ ಅಂಗೀಠಿಯನ್ನಿಟ್ಟು, ಗಾಳಿ ನುಸುಳದಂತೆ ಕಿಟಕಿ ಬಾಗಿಲುಗಳನ್ನು ಮುಚ್ಚುತ್ತೇವೆ. ಈಚೆಗೆ ಬೆಳಗ್ಗೆ ಏಳುವಾಗ ಅವರಿಗೂ, ಜೊತೆಯಲ್ಲಿ ಮಲಗುವ ನನ್ನ ಮಗಳಿಗೂ ತಲೆನೋವು, ಓಕರಿಕೆ. ಶೀತವೆಂದು ಕಷಾಯ ಕೊಡುತ್ತಿದ್ದೇನೆ. ಸರಿಯೆ, ಡಾಕ್ಟರೇ?

ಉತ್ತರ: ತಾಯಿ, ಕಷಾಯದ ಮಾತು ಆಮೇಲಾಗಲಿ, ಮೊದಲು ಆ ಅಂಗೀಠಿಯನ್ನು ಮಲಗುವ ಕೋಣೆಯಿಂದ ಹೊರಗಿಡಿರಿ, ಮತ್ತು ಇಬ್ಬರನ್ನೂ ಇಂದೇ ವೈದ್ಯರಿಗೆ ತೋರಿಸಿ, ರಾತ್ರಿ ಕೆಂಡವಿಟ್ಟುಕೊಂಡು ಮಲಗುತ್ತಿದ್ದ ಸಂಗತಿಯನ್ನು ಅವಶ್ಯವಾಗಿ ತಿಳಿಸಿರಿ. ಒಂದೇ ಕೋಣೆಯಲ್ಲಿ ಮಲಗಿದವರೆಲ್ಲರಿಗೂ ಒಮ್ಮೆಗೇ ತಲೆನೋವು ಬಂದು, ಹೊರಗಿನ ಗಾಳಿಗೆ ಬಂದೊಡನೆ ಅದು ತಗ್ಗುವುದಾದರೆ, ವೈದ್ಯನ ಮನಸ್ಸಿಗೆ ಮೊದಲು ತೋರತಕ್ಕದ್ದು ನೆಗಡಿಯಲ್ಲ, ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ.

ಇದ್ದಿಲು ನಿಗಿನಿಗಿಯಾಗಿ, ಹೊಗೆಯ ಎಳೆಯೂ ಇಲ್ಲದೆ ಉರಿಯುತ್ತಿರುವಾಗಲೂ ಈ ಅನಿಲವು ಹುಟ್ಟುತ್ತಲೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ. ಆದುದರಿಂದ ಹೊಗೆ ಹೋಗುವವರೆಗೆ ಅಂಗಳದಲ್ಲಿಟ್ಟು ಬಳಿಕ ಒಳಗೆ ತಂದೆವೆಂಬ ಸಮಾಧಾನಕ್ಕೆ ಯಾವ ಆಧಾರವೂ ಇಲ್ಲ. ನಮ್ಮ ರಕ್ತದಲ್ಲಿ ಪ್ರಾಣವಾಯುವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್ನು ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಈ ಅನಿಲವನ್ನು ಅಪ್ಪಿಕೊಳ್ಳುವುದರಿಂದ, ಉಸಿರಾಟವು ನಡೆಯುತ್ತಿದ್ದರೂ ಮಿದುಳೂ ಹೃದಯವೂ ಒಳಗೊಳಗೇ ಹಸಿಯುತ್ತವೆ. ನಿದ್ರೆಯಲ್ಲಿರುವವರಿಗೆ ಎಚ್ಚರವಾಗುವ ಮೊದಲೇ ಪ್ರಜ್ಞೆ ತಪ್ಪುತ್ತದೆ. ಪಕ್ಕದಲ್ಲಿ ನೀರಿನ ಪಾತ್ರೆಯಿಟ್ಟರೆ ವಿಷವಿಳಿಯುವುದೆಂಬ ನಂಬಿಕೆಯೂ ಸುಳ್ಳು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ನೆಚ್ಚಬೇಡಿರಿ. ವಿಷವನ್ನು ಹೊತ್ತ ರಕ್ತವನ್ನು ಅದು ಆಮ್ಲಜನಕವನ್ನು ಹೊತ್ತ ರಕ್ತವೆಂದೇ ಎಣಿಸಿ, 98 ಎಂದು ನಿಮಗೆ ಸುಳ್ಳು ಧೈರ್ಯ ಹೇಳೀತು. ಯಾರಾದರೂ ಎಬ್ಬಿಸಿದರೂ ಏಳದಿದ್ದರೆ, ಬಾಗಿಲುಗಳನ್ನು ತೆರೆದು, ಅವರನ್ನು ಬಯಲಿಗೆ ಸಾಗಿಸಿ, 108ಕ್ಕೆ ಕರೆಮಾಡಿರಿ. ಬರಿಯ ಗಾಳಿಯಲ್ಲಿ ಈ ವಿಷವು ಅರ್ಧಕ್ಕಿಳಿಯಲು ನಾಲ್ಕೈದು ಗಂಟೆಗಳಾದರೆ, ಆಸ್ಪತ್ರೆಯಲ್ಲಿ ಶುದ್ಧ ಆಮ್ಲಜನಕವನ್ನು ಕೊಟ್ಟಾಗ ಒಂದೂವರೆ ಗಂಟೆಯೊಳಗೇ ಇಳಿಯುತ್ತದೆ.

ಹಾಗಾದರೆ ವೃದ್ಧೆಯನ್ನು ಬೆಚ್ಚಗಿಡುವ ಬಗೆ ಹೇಗೆ? ಕೋಣೆಯನ್ನು ಕಾಯಿಸುವುದಕ್ಕಿಂತ ದೇಹದ ಕಾವನ್ನು ದೇಹದಲ್ಲಿಯೇ ಉಳಿಸಿಕೊಳ್ಳುವುದು ಸುಲಭವೂ ಕ್ಷೇಮಕರವೂ ಆಗಿದೆ ಎಂಬುದೇ ನನ್ನ ದೃಢವಾದ ಅಭಿಪ್ರಾಯ. ದಪ್ಪನೆಯ ಒಂದೇ ಬಟ್ಟೆಗಿಂತ ತೆಳುವಾದ ಎರಡು ಮೂರು ಬಟ್ಟೆಗಳು ನಡುವೆ ಗಾಳಿಯನ್ನು ಹಿಡಿದಿಡುವುದರಿಂದ ಹೆಚ್ಚು ಬೆಚ್ಚಗಿರುತ್ತವೆ. ತಲೆಗೆ ಉಣ್ಣೆಯ ಟೋಪಿ, ಕಾಲಿಗೆ ಚೀಲ, ಹಾಸಿಗೆಯ ಮೇಲೊಂದು ಕಂಬಳಿ, ಹೊದೆಯಲು ಇಲ್ಲಿಯ ರಜಾಯಿ, ಅದರ ಕೆಳಗೆ ಊರಿನಿಂದ ತಂದ ಕೌದಿಯಿದ್ದರೆ ಅದೂ ಇರಲಿ. ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಹಾಸಿಗೆಯನ್ನು ಕಾಯಿಸಿ, ಮಲಗುವಾಗ ತೆಗೆದುಬಿಡಿರಿ. ಸಕ್ಕರೆ ಕಾಯಿಲೆಯಿಂದ ಪಾದಗಳು ಜೋಮುಹಿಡಿದವರಿಗೆ ಚರ್ಮ ಸುಟ್ಟರೂ ಅರಿವಾಗದು. ನಿಮ್ಮ ಗಲ್ಲಿಗೆ ಬಿಸಿಲು ಇಳಿಯದಾದರೂ, ಮಂಜು ಕರಗಿದ ಮೇಲೆ ಮಾಳಿಗೆಯ ಮೇಲೆ ಅವರನ್ನು ಕೂರಿಸಬಹುದು. ಬಾಯಾರಿಕೆಯಿಲ್ಲವೆಂದು ನೀರು ಬಿಡುವುದು ಮುದುಕರ ಸ್ವಭಾವ. ಬಿಸಿ ಗಂಜಿ, ಸಾರು, ಹಾಲು ಆಗಾಗ್ಗೆ ಹೊಟ್ಟೆಗೆ ಸೇರಲಿ.

ಬಯಲುಸೀಮೆಯಲ್ಲಿ ಕನಿಷ್ಠ ಉಷ್ಣತೆಯು 4 ಡಿಗ್ರಿಗೆ ಇಳಿದರೆ ಹವಾಮಾನ ಇಲಾಖೆಯವರು ಶೀತಗಾಳಿಯೆಂದು ಸಾರುವರು. ವೃದ್ಧರ ಶರೀರವಾದರೋ ಅಷ್ಟರವರೆಗೆ ಕಾಯುವುದಿಲ್ಲ, 15 ಡಿಗ್ರಿಯ ಕೋಣೆಯಲ್ಲಿಯೂ ಮೆಲ್ಲಮೆಲ್ಲನೆ ತಣ್ಣಗಾಗಬಲ್ಲುದು. ಮೈಯ ಒಳಗಿನ ಕಾವು 35 ಡಿಗ್ರಿಗಿಂತ ಕೆಳಗಿಳಿದರೆ ಅಪಾಯ. ಆದರೆ ಮನೆಯ ಪಾದರಸದ ಥರ್ಮಾಮೀಟರು ಅದಕ್ಕಿಂತ ಕೆಳಗೆ ತೋರಿಸಲಾರದು. ಆದುದರಿಂದ ರಜಾಯಿಯೊಳಗೆ ಕೈಯಿಟ್ಟು ಹೊಟ್ಟೆಯನ್ನು ಮುಟ್ಟಿನೋಡಿರಿ. ಹೊಟ್ಟೆಯೇ ತಣ್ಣಗಿದ್ದು, ಮಾತು ತೊದಲಿ, ನಡುಕವೂ ನಿಂತು, ಮಂಕು ಕವಿದಂತಿದ್ದರೆ, ಒಣಬಟ್ಟೆ ಹೊದಿಸಿ, ಮೊದಲು ಎದೆ ಹೊಟ್ಟೆಗಳನ್ನು ಬೆಚ್ಚಗೆ ಮಾಡುತ್ತ ಆಸ್ಪತ್ರೆಗೆ ಒಯ್ಯಿರಿ. ಕೈಕಾಲುಗಳನ್ನು ತಿಕ್ಕಬೇಡಿರಿ, ಬ್ರಾಂದಿಯನ್ನಂತೂ ಕೊಡಲೇಬೇಡಿರಿ, ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ, ಉಳಿದಿದ್ದ ಕಾವನ್ನೂ ಹೊರಚೆಲ್ಲುತ್ತದೆ.

ಪ್ರಶ್ನೆ: ನಾನು ಮೈಸೂರಿನ ನಿವೃತ್ತ ಉಪಾಧ್ಯಾಯ, ವಯಸ್ಸು 68. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ. ಮಾಘಸ್ನಾನಕ್ಕೆಂದು ಕಾಶಿಗೆ ಬಂದು ಜಂಗಮವಾಡಿ ಮಠದಲ್ಲಿ ಇಳಿದುಕೊಳ್ಳುವವನಿದ್ದೇನೆ. ಅರುಣೋದಯಕ್ಕೆ ಗಂಗೆಯಲ್ಲಿ ಮುಳುಗಬಹುದೆ?

ಉತ್ತರ: ಪೂಜ್ಯರೇ, ನಿಮ್ಮ ಶ್ರದ್ಧೆಗೆ ನಮಸ್ಕರಿಸಿಯೇ ಹೇಳುತ್ತೇನೆ: ಅರುಣೋದಯದ ಮುಳುಗು ನಿಮಗೆ ಬೇಡ. ತಣ್ಣೀರು ಮೈಯ ಕಾವನ್ನು ಅಷ್ಟೇ ತಣ್ಣಗಿನ ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಸೆಳೆದುಕೊಳ್ಳುತ್ತದೆ. ಒಮ್ಮೆಗೇ ಮುಳುಗಿದಾಗ ಉಸಿರು ಕಟ್ಟಿದಂತಾಗಿ, ಚರ್ಮದ ನಾಳಗಳು ಸಂಕೋಚಗೊಂಡು, ರಕ್ತದೊತ್ತಡವು ಥಟ್ಟನೆ ಏರಿ, ಹೃದಯವು ತನಗೆ ಹೆಚ್ಚು ರಕ್ತ ಬೇಕಾದ ಗಳಿಗೆಯಲ್ಲಿಯೇ ಕಡಿಮೆ ರಕ್ತವನ್ನು ಪಡೆಯುತ್ತದೆ. ಕಾಶಿಯ ಘಾಟುಗಳು ಪೂರ್ವಾಭಿಮುಖವಾಗಿರುವುದು ನಿಮ್ಮ ಭಾಗ್ಯ. ಮಂಜು ಹರಿದು ಬಿಸಿಲು ಮೆಟ್ಟಿಲುಗಳ ಮೇಲೆ ಬಿದ್ದ ಮೇಲೆ, ನಿಮ್ಮ ಹೃದಯತಜ್ಞರು ಒಪ್ಪಿದ್ದರೆ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ, ಮೊದಲು ಪಾದಕ್ಕೆ, ಬಳಿಕ ಕೈಗೆ, ಹೆಗಲಿಗೆ ಚೊಂಬಿನಿಂದ ನೀರು ಹಾಕಿಕೊಂಡು, ಕೂಡಲೇ ಒದ್ದೆ ಬಟ್ಟೆ ಬದಲಿಸಿರಿ. ಅವರು ಒಪ್ಪದಿದ್ದರೆ ಪ್ರೋಕ್ಷಣೆಯೇ ಸಾಕು. ಅಶಕ್ತರಿಗೆ ಮಂತ್ರಸ್ನಾನವನ್ನು ಧರ್ಮಶಾಸ್ತ್ರವೇ ವಿಧಿಸಿದೆ. ಪ್ರಯಾಣದ ಗಡಿಬಿಡಿಯಲ್ಲಿ ರಕ್ತ ತೆಳುವಾಗಿಸುವ ಮಾತ್ರೆಯನ್ನು ಒಂದು ದಿನವೂ ತಪ್ಪಿಸಬೇಡಿರಿ.

ಪ್ರಶ್ನೆ: ಕಾಶಿ ಹಿಂದೂ ವಿಶ್ವವಿದ್ಯಾಲಯದ ವಿದ್ಯಾರ್ಥಿ ನಾನು, ಲಂಕಾದಲ್ಲಿ ಬಾಡಿಗೆಯ ಕೋಣೆ. ರಾತ್ರಿಯೆಲ್ಲ ಹೀಟರ್ ಹಾಕಿದರೆ ಆರೋಗ್ಯಕ್ಕೆ ಕೆಡಕೆ, ಸರ್? ಬಿಲ್ಲಂತೂ ಭಾರವಾಗಿದೆ.

ಉತ್ತರ: 2000 ವಾಟಿನ ಹೀಟರು ಗಂಟೆಗೆ 2 ಯೂನಿಟ್ಟನ್ನು ನುಂಗುತ್ತದೆ, ರಾತ್ರಿಗೆ ಎಂಟು ಗಂಟೆಯಂತೆ ತಿಂಗಳಿಗೆ 480 ಯೂನಿಟ್ಟು. ಇದಕ್ಕೆ ಹೋಲಿಸಿದರೆ 15 ಲೀಟರಿನ ಗೀಸರು ಸ್ನಾನಕ್ಕೆ ನೀರು ಕಾಯಿಸಲು ಮುಕ್ಕಾಲು ಯೂನಿಟ್ಟನ್ನೂ ತೆಗೆದುಕೊಳ್ಳದು. ಆದುದರಿಂದ ಮಲಗುವ ಮುನ್ನ ಅರ್ಧ ಗಂಟೆ ಕೋಣೆಯನ್ನು ಕಾಯಿಸಿ, ಬಾಗಿಲ ಕೆಳಗಿನ ಸಂದಿಗೆ ಬಟ್ಟೆ ಒತ್ತಿ, ಹೀಟರನ್ನು ಆರಿಸಿ ರಜಾಯಿಯೊಳಗೆ ಸೇರುವುದು ಒಳ್ಳಿತು. ಈ ಸಂದಿ ಮುಚ್ಚುವ ಮಾತು ಕೋಣೆಯಲ್ಲಿ ಯಾವ ಬೆಂಕಿಯೂ ಇಲ್ಲದಾಗ ಮಾತ್ರ. ರಾತ್ರಿಯಿಡೀ ಉರಿದರೆ ಗಾಳಿ ಒಣಗಿ ಗಂಟಲು ಕೆರೆಯುವುದಲ್ಲದೆ, ಜಾರಿಬಿದ್ದ ರಜಾಯಿಗೆ ಕಿಡಿ ತಗಲುವ ಭಯವೂ ಉಂಟು. ಅಷ್ಟು ದೊಡ್ಡ ಹೀಟರು 9 ಆಂಪಿಯರಿನಷ್ಟು ವಿದ್ಯುತ್ತನ್ನು ಎಳೆಯುವುದರಿಂದ 6 ಆಂಪಿಯರಿನ ಸಣ್ಣ ಪ್ಲಗ್ಗಿಗಾಗಲಿ ಎಕ್ಸ್‌ಟೆನ್ಷನ್ ಬೋರ್ಡಿಗಾಗಲಿ ಅದನ್ನು ಸಿಕ್ಕಿಸಕೂಡದು. ಪ್ಲಗ್ಗು ಕೈಗೆ ಬಿಸಿಯಾಗಿ ತೋರಿದರೆ ಆ ಕ್ಷಣವೇ ಸ್ವಿಚ್ಚನ್ನು ಆರಿಸಿ, ವಯರಿಂಗ್ ಸರಿಪಡಿಸುವವರೆಗೆ ಅದನ್ನು ಬಳಸದಿರಿ.