ಶಿಶಿರ-ವಸಂತಗಳ ಸಂಧಿಕಾಲವೂ ಬಾಲಕನ ಕಣ್ಣೂ

ಋತುಗಳು ಆರು. ಮಾಘ-ಫಾಲ್ಗುಣಗಳು ಶಿಶಿರ; ಚೈತ್ರ-ವೈಶಾಖಗಳು ವಸಂತ. ಪ್ರಾಥಮಿಕ ಶಾಲೆಯ ಬಾಲಕನು ಇದನ್ನು ಮಗ್ಗಿಯಂತೆ ಒಪ್ಪಿಸಬಲ್ಲನು. ಆದರೆ ಒಪ್ಪಿಸುವುದು ಬೇರೆ, ಕಾಣುವುದು ಬೇರೆ. ಒಂದು ಋತು ಕಳೆದು ಇನ್ನೊಂದು ಋತು ಕಾಲಿರಿಸುವುದನ್ನು ಮಗುವು ತಾನಾಗಿ ಗುರುತಿಸಿದ ದಿನವೇ ಅದರ ನಿಜವಾದ ವಿದ್ಯಾರಂಭದ ದಿನ. ಆ ಗುರುತಿಸುವಿಕೆಯನ್ನು ಪೋಷಿಸುವ ಬಗೆ ಯಾವುದೆಂಬುದು ಶಿಕ್ಷಕರು ವಿಚಾರಿಸತಕ್ಕ ವಿಷಯ.

ಘಟಪ್ರಭೆಯ ದಂಡೆಯ ಅನಗವಾಡಿಯ ಒಬ್ಬ ಬಾಲಕನನ್ನು ಕಲ್ಪಿಸಿಕೊಳ್ಳೋಣ. ಕೌದಿಯೊಳಗಿನಿಂದ ಏಳಲೊಲ್ಲದ ಮುಂಜಾವು, ಬಿರಿದ ತುಟಿ, ಹೊಲದಲ್ಲಿ ಸುಟ್ಟು ತಿಂದ ಸೀತನಿಯ ಸವಿ, ಇವು ಅವನ ಪಾಲಿನ ಚಳಿಗಾಲ. ಶಿವರಾತ್ರಿಗೆ ಚಳಿಯು ‘ಶಿವ ಶಿವಾ’ ಎನ್ನುತ್ತ ಹೋಗುವುದೆಂದು ಹಿರಿಯರು ಹೇಳಿದ್ದನ್ನು ಅವನು ಕೇಳಿದ್ದಾನೆ. ಆ ಹೊತ್ತಿಗೆ ಹಿಂಗಾರಿ ಜೋಳದ ಹೊಲಗಳು ಬರಿದಾಗುತ್ತವೆ. ಆಲಮಟ್ಟಿಯ ಹಿನ್ನೀರು ದಿನದಿನಕ್ಕೆ ಹಿಂಜರಿದು ದಂಡೆಯ ಮಣ್ಣು ಬಾಯ್ದೆರೆಯುತ್ತದೆ. ಚಳಿಗಾಲ ಕಳೆಯಲು ಹಿಮಾಲಯದಾಚೆಯಿಂದ ಈ ಹಿನ್ನೀರಿಗೆ ಬಂದಿದ್ದ ಪಟ್ಟೆತಲೆಯ ಹೆಬ್ಬಾತುಗಳು ಉತ್ತರಾಭಿಮುಖವಾಗಿ ಹೊರಡುತ್ತವೆ. ಪಾಠವಿನ್ನೂ ಆ ಪುಟಕ್ಕೆ ಬಂದಿಲ್ಲ. ಊರು ಆಗಲೇ ಪುಟ ಮಗುಚಿದೆ.

ಈ ಬಾಲಕನು ತರಗತಿಯಲ್ಲಿ ಎದ್ದುನಿಂತು, ‘ಬೇವಿನ ಎಲೆ ಉದುರಿದ್ದು ಚಳಿಯಲ್ಲಲ್ಲ, ಬಿಸಿಲು ಬಲಿತ ಮೇಲೆ’ ಎಂದರೆ ಗುರುವು ಏನು ಹೇಳಬೇಕು? ಮಂಜು ಸುರಿಯುವ ಶೀತದೇಶಗಳ ಚಿತ್ರಗಳನ್ನು ನೋಡಿ, ಎಲೆ ಉದುರುವುದಕ್ಕೆ ಚಳಿಯೇ ಕಾರಣವೆಂದು ನಾವು ನಂಬಿರುತ್ತೇವೆ. ನಮ್ಮ ಬಯಲುಸೀಮೆಯಲ್ಲಿ ಮುಖ್ಯ ಕಾರಣವು ನೀರಿನ ಅಭಾವ. ಮಣ್ಣಿನ ಮೇಲ್ಪದರದ ತೇವವು ಆರಿದಾಗ, ಎಲೆಗಳ ಮೂಲಕ ನೀರು ಆವಿಯಾಗುವುದನ್ನು ತಡೆಯಲು ಮರವು ಹಳೆಯ ಎಲೆಗಳನ್ನು ತೊರೆಯುತ್ತದೆ. ಬಳಿಕ ಆಳದ ಬೇರಿನ ಮತ್ತು ಕಾಂಡದ ತೇವವನ್ನು ನಂಬಿ, ಮಳೆಗೆ ಕಾಯದೆಯೇ ಚಿಗುರುತ್ತದೆ. ಬೇವು, ಹೊಂಗೆ, ಅರಳಿಗಳು ಹೀಗೆಯೇ ನಡೆಯುತ್ತವೆ. ಮುತ್ತುಗವಂತೂ ಎಲೆಯಿಲ್ಲದ ಕೊಂಬೆಗಳಲ್ಲಿಯೇ ಕೆಂಡದಂತಹ ಹೂವನ್ನು ತಳೆಯುತ್ತದೆ. ಹಣ್ಣೆಲೆಯೂ ಚಿಗುರೆಲೆಯೂ ಒಂದೇ ಮರದಲ್ಲಿ ಕಾಣುವುದರಿಂದ, ಶಿಶಿರ-ವಸಂತಗಳ ನಡುವೆ ಗೆರೆಯಿಲ್ಲವೆಂಬುದು ಮಗುವಿಗೆ ಕಣ್ಣಾರೆ ತಿಳಿಯುತ್ತದೆ. ಬಾಲಕನ ಮಾತು ಪುಸ್ತಕದ ಉತ್ತರಕ್ಕೆ ಹೊಂದದಿದ್ದರೂ ಮರಕ್ಕೆ ಹೊಂದುತ್ತದೆ.

ಕಂಡದ್ದನ್ನು ಅಳೆಯುವುದು ಎರಡನೆಯ ಮೆಟ್ಟಿಲು. ಇದಕ್ಕೆ ಬೆಲೆಬಾಳುವ ಉಪಕರಣ ಬೇಡ. ಶಾಲೆಯ ಅಂಗಳದಲ್ಲಿ ಹತ್ತು ಅಡಿಯ ಕಂಬವೊಂದನ್ನು ನೆಟ್ಟಗೆ ನಿಲ್ಲಿಸಿದರೆ ಸಾಕು. ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದ ಈ ಭಾಗದಲ್ಲಿ ಡಿಸೆಂಬರ್ 21ರ ಸುಮಾರಿಗೆ ನಡುಹಗಲ ನೆರಳು ಎಂಟು ಅಡಿಗಿಂತ ತುಸು ಹೆಚ್ಚು ಉದ್ದವಾಗಿ ಉತ್ತರಕ್ಕೆ ಚಾಚುತ್ತದೆ. ಮಾರ್ಚ್ 20ರ ಸುಮಾರಿಗೆ ಅದು ಮೂರು ಅಡಿಯ ಆಸುಪಾಸಿಗೆ ಇಳಿಯುತ್ತದೆ. ಮೇ ತಿಂಗಳ ಮೊದಲ ವಾರದಲ್ಲೊಂದು ದಿನ ಸೂರ್ಯನು ನೆತ್ತಿಯ ಮೇಲೆಯೇ ಬರಲು ನೆರಳು ಕಂಬದ ಬುಡದಲ್ಲಿ ಅಡಗುತ್ತದೆ. ಡಿಸೆಂಬರಿನಿಂದ ಮಾರ್ಚಿಗೆ ಹಗಲು ಸುಮಾರು ಒಂದು ತಾಸು ಬೆಳೆಯುತ್ತದೆ. ಆದರೆ ಜನವರಿಯ ಬಹುಭಾಗ ಸೂರ್ಯೋದಯವು ತಡವಾಗಿಯೇ ಇರುವುದರಿಂದ, ಈ ಬೆಳವಣಿಗೆಯು ಮೊದಲು ಗೋಚರವಾಗುವುದು ಸಂಜೆಯಲ್ಲಿ. ಆಟದ ಹೊತ್ತು ಹೆಚ್ಚಿತೆಂದು ಹಿರಿಯರಿಗಿಂತ ಮುಂಚೆ ಹೇಳುವವನು ಬಾಲಕನೇ.

ಪಂಚಾಂಗದ ಲೆಕ್ಕವನ್ನೂ ಇಲ್ಲಿ ವಿವರಿಸಬೇಕು. ಚಾಂದ್ರಮಾನದ ವರ್ಷಕ್ಕೆ ಸುಮಾರು 354 ದಿನಗಳು. ಸೌರವರ್ಷಕ್ಕಿಂತ ಹನ್ನೊಂದು ಕಡಿಮೆ. ಅಧಿಕಮಾಸದಿಂದ ಈ ಕೊರತೆ ತುಂಬುವುದಾದರೂ ಯುಗಾದಿಯು ಮಾರ್ಚ್ ನಡುವಿನಿಂದ ಏಪ್ರಿಲ್ ನಡುವಿನವರೆಗೆ ಹಿಂದೆ ಮುಂದೆ ಸರಿಯುತ್ತದೆ. ಬೇವು ಮಾತ್ರ ಪಂಚಾಂಗವನ್ನು ನೋಡಿ ಹೂಬಿಡುವುದಿಲ್ಲ. ಆದ್ದರಿಂದ ಬೇವು-ಬೆಲ್ಲಕ್ಕೆ ಒಂದು ವರ್ಷ ತುಂಬು ಹೂವು, ಇನ್ನೊಂದು ವರ್ಷ ಬರಿಯ ಮೊಗ್ಗು ದೊರೆತರೆ, ಅದು ಪಂಚಾಂಗದ ದೋಷವಲ್ಲ, ಮರದ ದೋಷವೂ ಅಲ್ಲ. ಎರಡು ಗಡಿಯಾರಗಳ ನಡೆ ಬೇರೆಬೇರೆ, ಅಷ್ಟೆ.

ಕವಿಗಳಲ್ಲಿಯೂ ಈ ವಿವೇಕವುಂಟು. 941ರಲ್ಲಿ ವಿಕ್ರಮಾರ್ಜುನ ವಿಜಯವನ್ನು ಮುಗಿಸಿದ ಪಂಪನ ಬನವಾಸಿಯು ಮಾವು ಮಲ್ಲಿಗೆಗಳ ತಂಪಿನ ನಾಡು. ಅದನ್ನೇ ಓದಿ ಎಲ್ಲ ಊರಿನ ವಸಂತವೂ ಹಾಗೆಯೇ ಎಂದರೆ ಕವಿಗೂ ನ್ಯಾಯವಾಗದು, ಊರಿಗೂ ನ್ಯಾಯವಾಗದು. ಪಂಪನು ತಾನರಿತ ನಾಡನ್ನು ಹಾಡಿದನು. ಅನಗವಾಡಿಯ ಬಾಲಕನು ತನ್ನ ನಾಡನ್ನು ನೋಡಬೇಕು. ಶರಣರಲ್ಲಿ ದೋಣಿ ನಡೆಸುವವರೂ, ಬುಟ್ಟಿ ಹೆಣೆಯುವವರೂ ಇದ್ದರು. ಅವರು ತಮ್ಮ ಕಾಯಕದಲ್ಲಿ ಕಂಡುದನ್ನೇ ಅನುಭಾವದ ನುಡಿಯಾಗಿಸಿದರು. ಎರವಲು ನೋಟಕ್ಕೆ ಅಲ್ಲಿ ಮನ್ನಣೆಯಿರಲಿಲ್ಲ.

ಮಗುವಿನ ಈ ನೋಟವು ಬಲು ಸೂಕ್ಷ್ಮವಾದುದು. ಕಂಡದ್ದನ್ನು ಹೇಳಿ ಒಮ್ಮೆ ‘ತಪ್ಪು’ ಎನಿಸಿಕೊಂಡ ಬಾಲಕನು ಎರಡನೆಯ ಸಲ ಕಂಡರೂ ಹೇಳನು. ಮೂರನೆಯ ಸಲ ಕಾಣುವುದನ್ನೇ ಬಿಡುವನು. ಆದಕಾರಣ ಗುರುವು ಉತ್ತರವನ್ನು ತಿದ್ದುವ ಮುನ್ನ ಮಗುವಿನೊಡನೆ ಮರದ ಬುಡದವರೆಗೆ ನಡೆದುಹೋಗಬೇಕು. ದಾನಿಗಳ ಔದಾರ್ಯದಿಂದ ಶಾಲೆಗೆ ಕೋಣೆಗಳು ಏಳುತ್ತವೆ. ಅದರೊಡನೆ ಅಂಗಳದ ಒಂದು ಬೇವೂ, ಒಂದು ನೆರಳಿನ ಕಂಬವೂ ಉಳಿಯಲಿ. ಚಿಗುರನ್ನು ತಾನೇ ಕಂಡ ಮಗುವಿಗೆ ವಸಂತವೆಂಬ ಶಬ್ದದ ಅರ್ಥವನ್ನು ಬೇರೆಯಾಗಿ ಹೇಳಬೇಕಾಗುವುದಿಲ್ಲ.